ಆಣೆಗೆ ಹಿಂಬಾಗಿಲಿಲ್ಲ ಎಂದವರು

ಬೆಳಿಗ್ಗೆ ಏಳು ಗಂಟೆ ಐವತ್ತೆರಡು ನಿಮಿಷ. ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ. ಎಂಟು ಹನ್ನೆರಡರ ಲೋಕಲ್ ಹಿಡಿಯಬೇಕಿತ್ತು, ಊಟದ ಡಬ್ಬಿಯ ಮುಚ್ಚಳ ಕೂರುತ್ತಿರಲಿಲ್ಲ. ಡೊಂಬಿವಲಿ ಪೂರ್ವದ ನಮ್ಮ ಐದು ಮಹಡಿಯ ಸೊಸೈಟಿಗೆ ಮಳೆಗಾಲಕ್ಕೆ ಮೊದಲು ಬಣ್ಣ ಬಳಿಸುತ್ತಿದ್ದರು. ಕಟ್ಟಡದ ಸುತ್ತ ಬಿದಿರು ಕಟ್ಟಿ ಪರಾಂಚಿ, ಅಂದರೆ ಅಟ್ಟಣಿಗೆ, ನಿಲ್ಲಿಸಿದ್ದರು. ನಮ್ಮ ಅಡುಗೆಮನೆ ಮೂರನೆಯ ಮಹಡಿಯಲ್ಲಿ. ಬಣ್ಣದವನು ನಮಗಿಂತ ಒಂದು ಮಹಡಿ ಮೇಲಿದ್ದ. ದಿನವೂ ಅಷ್ಟು ಹೊತ್ತಿಗೆ ಕಿಟಕಿಯ ಹತ್ತಿರ ಬಗ್ಗಿ, "ದೀದಿ, ಪಾನಿ" ಎಂದು ಕೇಳುವವನು.

ಕೆಳಗಿನಿಂದ ಮೇಸ್ತ್ರಿಯ ದನಿ ಬಂತು. ಪಕ್ಕದ ಕಟ್ಟಡಕ್ಕೆ ಬಿದಿರು ಬೇಕಂತೆ, ಕೆಳಗಿನ ಕಟ್ಟು ಬಿಚ್ಚು ಎಂದು ತನ್ನ ಆಳಿಗೆ ಹೇಳುತ್ತಿದ್ದ. ನಾನು ಕಿಟಕಿಗೆ ಬಂದು, ಮೇಲೆ ಮನುಷ್ಯನಿದ್ದಾನೆ ಎಂದು ಕೂಗಿದೆ: "ಊಪರ್ ಆದ್ಮೀ ಹೈ." ಮೇಸ್ತ್ರಿ ತಲೆಯೆತ್ತಿದ. ಮೊದಲು ಬಣ್ಣದವನನ್ನು ನೋಡಿದ, ಆಮೇಲೆ ನನ್ನನ್ನು. ಮತ್ತೆ ತಲೆ ತಗ್ಗಿಸಿ ಆಳಿಗೆ, "ಖೋಲ್" ಎಂದ, ಬಿಚ್ಚು ಎಂದು.

ಆಮೇಲಿನದು ಶಬ್ದ. ಒಂದು ಬಿದಿರು ನಮ್ಮ ಕಿಟಕಿಯ ಜಾಳಿ ಹರಿದು ಒಳಗೆ ನುಗ್ಗಿ, ನನ್ನ ಎಡಗಿವಿಯ ಪಕ್ಕದ ಗೋಡೆಗೆ ಬಡಿಯಿತು. ಮಸಾಲೆಯ ಬಾಟಲಿಗಳು ಉದುರಿದವು. ಅದೇ ಹೊತ್ತಿಗೆ ಕಿಟಕಿಯ ಹೊರಗೆ ಒಂದು ನೀಲಿ ಅಂಗಿ ಮೇಲಿನಿಂದ ಕೆಳಗೆ ಹೋಯಿತು. ಇಷ್ಟೇ. ಆದರೆ ಇದು ಎರಡು ವರ್ಷ ನನ್ನ ಕಣ್ಣ ಮುಂದೆ ಮತ್ತೆ ಮತ್ತೆ ಆಯಿತು, ಮಲಗಿದ ಮೇಲೆ ಹೆಚ್ಚು.

ಆ ಎರಡು ವರ್ಷ ನಾನು ಕಾಲ ಮೇಲೆ ನಿಂತದ್ದು ನೆಲಮಹಡಿಯ ಮಾವ್ಶಿಯಿಂದ. ಈಗ ಅವರಿಲ್ಲ. ಅವರ ಬಾಗಿಲಿಗೆ ಬೀಗ ಬಿದ್ದಿದೆ. ಬೀಗ ಕಂಡಾಗ ಅಳು ಬರುವುದಿಲ್ಲ, ಯಾರ ಹತ್ತಿರವಾದರೂ ಜಗಳ ಮಾಡಬೇಕು ಎನಿಸುತ್ತದೆ. ಅವರು ಬಿಟ್ಟುಹೋದ ಆಸ್ತಿ ಇದೇ ಇರಬೇಕು.

ಮಾವ್ಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಕಟ್ಟಡದ ಎಲ್ಲರಿಗೂ ಅವರು ಮಾವ್ಶಿಯೇ. ಜಮಖಂಡಿ ಕಡೆಯವರು, ಮದುವೆಯಾಗಿರಲಿಲ್ಲ, ಕೋರ್ಟುಗಳಲ್ಲಿ ಕನ್ನಡ ದುಭಾಷಿಯಾಗಿ ಕೆಲಸ ಮಾಡಿ ನಿವೃತ್ತರಾದವರು. ಕನ್ನಡ ಬಿಟ್ಟು ಬೇರೆ ಬಾರದ ಸಾಕ್ಷಿ ಬಂದಾಗ ಅವರನ್ನು ಕರೆಸುತ್ತಿದ್ದರು. ಸಾಕ್ಷಿ ಹೇಳಿದ್ದನ್ನು ಮರಾಠಿಗೆ, ವಕೀಲರು ಕೇಳಿದ್ದನ್ನು ಕನ್ನಡಕ್ಕೆ ಮಾಡಿ ಹೇಳಬೇಕು. ಆ ಕೆಲಸ ಅವರಿಗೆ ಒಂದು ಚಟ ಅಂಟಿಸಿತ್ತು. ಯಾರಾದರೂ ಆಣೆ ಹಾಕಿದರೆ ಕಿವಿ ನೆಟ್ಟಗಾಗುತ್ತಿತ್ತು.

ತರಕಾರಿ ಗಾಡಿಯವನು ಒಮ್ಮೆ, "ಆಯೀ ಶಪ್ಪತ್ ಮಾವ್ಶಿ, ಭೇಂಡಿ ಆಜಚೀಚ್ ಆಹೆ" ಎಂದ. ಅಮ್ಮನಾಣೆಗೂ ಬೆಂಡೆಕಾಯಿ ಇವತ್ತಿನದೇ ಅಂತ. ಮಾವ್ಶಿ ಬೆಂಡೆಕಾಯಿಯ ತುದಿ ಮುರಿದು ನೋಡಿ, "ಆಯೀಲಾ ಫೋನ್ ಲಾವ್" ಎಂದರು. ಅವನು ನಕ್ಕ. ಇವರು ನಗಲಿಲ್ಲ. "ಹಚ್ಚು ಫೋನು. ಬೆಂಡಿಕಾಯಿ ಸಲುವಾಗಿ ಆಕೀನ್ನ ಒತ್ತಿ ಇಟ್ಟೀನಿ ಅಂತ ಹೇಳು, ಹೂಂ ಅಂತಾಳೇನು ಕೇಳೂಣು." ಅವನು ಗಾಡಿಯ ಇನ್ನೊಂದು ಕಡೆಯಿಂದ ಬೇರೆ ಬೆಂಡೆಕಾಯಿ ತೆಗೆದುಕೊಟ್ಟ.

ನಾವು ಮಕ್ಕಳಾಗಿದ್ದಾಗ ಗಂಟಲು ಚಿವುಟಿಕೊಂಡು "ಗಳ್ಯಾಚೀ ಶಪ್ಪತ್" ಎನ್ನುತ್ತಿದ್ದೆವು. ಇಲ್ಲಿಯ ಮರಾಠಿ ಮಕ್ಕಳಿಂದ ಕಲಿತದ್ದು. ಗೆಳತಿ ನಮ್ಮ ಮೇಲೆ ಶಪಥ ಹಾಕಿದರೆ ಅದು ಬಿಡುಗಡೆಯಾಗಬೇಕಾದರೆ ಅವಳೇ "ಸುಟ್ಲೀ" ಎನ್ನಬೇಕು, ಬಿಟ್ಟಿತು ಎಂದು. ಬೇರೆ ಯಾರು ಹೇಳಿದರೂ ನಡೆಯುವುದಿಲ್ಲ. ನಾನು ಎರಡನೆಯ ಕ್ಲಾಸಿನಲ್ಲಿದ್ದಾಗ ಒಬ್ಬಳು ನನ್ನ ಮೇಲೆ ಶಪಥ ಹಾಕಿ, ಸುಟ್ಲೀ ಎನ್ನದೆ ಕಲ್ಯಾಣದ ಅಜ್ಜಿಮನೆಗೆ ಹೊರಟುಹೋಗಿದ್ದಳು. ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಮಾವ್ಶಿ ನಮ್ಮ ಅಮ್ಮನಂತೆ ನಕ್ಕು ಕಳಿಸಲಿಲ್ಲ. ಅವಳ ಮನೆಯ ನಂಬರು ಹುಡುಕಿ ಕಲ್ಯಾಣಕ್ಕೆ ಫೋನ್ ಮಾಡಿಸಿ, "ಸುಟ್ಲೀ ಅಂದುಬಿಡವಾ, ಈಕೀ ಅನ್ನ ಬಿಟ್ಟಾಳ" ಎಂದರು. ಅವಳು ಫೋನಿನಲ್ಲಿ ಅಂದಳು. ನಾನು ಹೋಗಿ ಊಟ ಮಾಡಿದೆ.

ಬಿದಿರು ನುಗ್ಗಿದ ದಿನ ಪೊಲೀಸರಿಗೆ ಕಂಡದ್ದನ್ನು ಕಂಡಂತೆ ಹೇಳಿದೆ. ಬಣ್ಣದವನು ಬದುಕಿದ. ಬೆನ್ನು, ಸೊಂಟ ಎರಡೂ ಹೋಗಿ ವಿಠ್ಠಲವಾಡಿಯ ಒಂದು ಕೋಣೆಯಲ್ಲಿ ತಿಂಗಳುಗಟ್ಟಲೆ ಮಲಗಿದ. ಬಣ್ಣದ ಗುತ್ತಿಗೆದಾರರ ಕಡೆಯವರು ಬೇರೆಯೇ ಮಾತು ಹಬ್ಬಿಸಿದರು. ಅವನೇ ಕುಡಿದು ಹಗ್ಗ ಬಿಚ್ಚಿಕೊಂಡನಂತೆ. ಮೇಸ್ತ್ರಿಯ ಆಳು ಊರಿಗೆ ಹೋದವನು ತಿರುಗಿ ಬರಲಿಲ್ಲ. ಮೇಸ್ತ್ರಿ ತಲೆಯೆತ್ತಿ ನೋಡಿದ್ದಕ್ಕೆ ಸಾಕ್ಷಿ ಎಂದರೆ ನಾನೊಬ್ಬಳೇ.

ಗುತ್ತಿಗೆದಾರ ನಮ್ಮ ಸೊಸೈಟಿಯ ಚೇರ್ಮನ್ನರ ಭಾವ. ಚೇರ್ಮನ್ನರು ನಮ್ಮ ಉಡುಪಿ ಕಡೆಯವರೇ. ಮಾಜಿವಾಡಾದಲ್ಲಿರುವ ಅವರ ಹೋಟೆಲಿನಲ್ಲಿ ಅಪ್ಪ ಇಪ್ಪತ್ತು ವರ್ಷದಿಂದ ಮ್ಯಾನೇಜರು. ಒಂದು ಭಾನುವಾರ ಅವರು ಮನೆಗೆ ಬಂದರು. ಚಹಾ ಬೇಡವೆಂದರು. ಅಪ್ಪ ತಮ್ಮ ಮನೆಯಲ್ಲೇ ನಿಂತುಕೊಂಡಿದ್ದರು.

"ಎಂತ ಮಗಾ, ನೀನು ಹತ್ತಿರದಿಂದ ನೋಡಿದ್ದಾ?"

"ಹೌದು."

"ಮೂರನೇ ಮಾಳಿಗೆಯಿಂದ ಮನುಷ್ಯನ ಕಣ್ಣು ಎಲ್ಲಿ ಕಾಣ್ತದೆ? ಓದಿದವಳು ನೀನು. ಕೋರ್ಟಿನಲ್ಲಿ ಸರಿಯಾಗಿ ನೆನಪಿಲ್ಲ ಅಂದರೆ ಸುಳ್ಳಾಗುದಿಲ್ಲ, ಅಲ್ವಾ?" ಹೊರಡುವಾಗ ಅಪ್ಪನ ಹೆಗಲ ಮೇಲೆ ಕೈಯಿಟ್ಟು, "ನಾಳೆ ಸ್ವಲ್ಪ ಬೇಗ ಬಾ" ಎಂದರು. ಅಷ್ಟೇ ಹೇಳಿದ್ದು.

ಆಮೇಲೆ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಬೈಕಿನಲ್ಲಿ ಇಬ್ಬರು ಕಾಣಿಸತೊಡಗಿದರು. ಒಬ್ಬ ನಗುತ್ತ ಕೇಳಿದ, "ಮ್ಯಾಡಂ, ಕೋಪರಖೈರಣೆಗೆ ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಬೇಕಲ್ಲ?" ನನ್ನ ಲ್ಯಾಬ್ ಇರುವುದು ಕೋಪರಖೈರಣೆಯಲ್ಲಿ. ಅವನಿಗೆ ಯಾರೂ ಹೇಳಿರಲಿಲ್ಲ. ಆ ದಿನ ಠಾಣೆಯಲ್ಲಿ ಎರಡು ಗಾಡಿ ಬಿಟ್ಟು, ಹೆಂಗಸರ ಡಬ್ಬದ ಮಧ್ಯಕ್ಕೆ ನುಗ್ಗಿ ನಿಂತೆ.

ಮನೆಗೆ ಬಂದು ಹೇಳಬಾರದಿತ್ತು. ಹೇಳಿದೆ. ಅಮ್ಮ ನನ್ನ ಬಲಗೈ ಹಿಡಿದೆಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಎಣ್ಣೆ ಹಚ್ಚಿದ ಕೂದಲು, ಬೆಚ್ಚಗಿತ್ತು. "ನನ್ನಾಣೆ ಉಂಟು. ನೀನು ಕೋರ್ಟಿಗೆ ಹೋದರೆ ಬರುವಾಗ ನನ್ನ ಹೆಣ ನೋಡ್ತಿ."

ಊರ ಕಡೆಯವರಿಗೆ ಇದು ಏನೆಂದು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಸತ್ಯವನ್ನೇ ಹೇಳುವವರೂ ಆಣೆ ಹಾಕಲು ಹಿಂಜರಿಯುತ್ತಾರೆ. ಆಣೆ ಎಂದರೆ ಕಾಣದ ಒಂದಕ್ಕೆ ಬಾಗಿಲು ತೆರೆದಂತೆ. ನಾನು ಮೈಕ್ರೋಬಯಾಲಜಿ ಓದಿದವಳು, ದಿನವೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವವಳು. ಆದರೂ ಅಮ್ಮನ ತಲೆಯಿಂದ ತೆಗೆದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಮರುದಿನ ಸಂಜೆ ಮಾವ್ಶಿಯ ಮನೆಗೆ ಹೋದೆ. ಅವರು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಒಂದು ಕಟ್ಟು ನನ್ನ ಮುಂದೆ ತಳ್ಳಿದರು. ಅವರ ಮುಂದೆ ಖಾಲಿ ಕೈಯಲ್ಲಿ ಕೂತು ಅಳಲು ಯಾರಿಗೂ ಅವಕಾಶವಿರಲಿಲ್ಲ. ಎಲ್ಲ ಕೇಳಿ, ಮೊದಲು ಕೇಳಿದ್ದು, "ಆಣಿ ಯಾರು ಹಾಕ್ಯಾರ? ನೀ ಹಾಕೀಯೋ, ನಿಮ್ಮವ್ವನೋ?"

"ಅಮ್ಮ."

"ನೋಡವಾ. ಹರಕಿ ಹೊರತೀವಿ. ಹೊರೂದು ಅಂದ್ರ ಭಾರ, ಅದು ನಮ್ಮ ಹೆಗಲಿಗೇ. ಭಾಷೆ ಕೊಡತೀವಿ, ಇನ್ನೊಬ್ಬರ ಕೈಯಾಗ. ಶಪಥ ಸಿಟ್ಟಿನ್ಯಾಗ ಮಾಡತೀವಿ. ಪ್ರಮಾಣ ಮಾಡೂದು ನಾಕು ಮಂದಿ ನಡುವ ನಿಂತು. ಇವೆಲ್ಲ ತಾ ಮಾಡೂದು, ತಾ ತೀರಸೂದು. ಆಣಿ ಒಂದ ನೋಡು ಇನ್ನೊಬ್ಬರ ಮ್ಯಾಲೆ ಹಾಕಾಕ ಬರೂದು. ಬೇಲಿ ಹಾಕಿದಂಗ. ಮೂವತ್ತು ವರ್ಷ ಕೇಳೀನಿ ನಾನು. ಆಣಿ ಹಾಕೂ ಮಂದಿ ಎಲ್ಲಾರೂ ಅಂಜಿರತಾರ. ನಿಮ್ಮವ್ವ ನಿನ್ನ ಮ್ಯಾಲೆ ಹಾಕಿದ್ದು ಅಂಜಿಕಿ."

ನಾನು ಓದಿದವರ ಜಾಣತನ ತೋರಿಸಿದೆ. ಅಮ್ಮ 'ಕೋರ್ಟಿಗೆ ಹೋದರೆ' ಅಂದಿದ್ದಾಳೆ, ವಿಡಿಯೋದಲ್ಲಿ ಹೇಳಿಕೆ ಕೊಡಲು ಬರುತ್ತದೆಯೇ ಎಂದು ಕೇಳಿದೆ.

ಮಾವ್ಶಿ ಸೊಪ್ಪು ಬಿಟ್ಟು ನನ್ನ ಮುಖ ನೋಡಿದರು. "ಹಿಂದಿನ ಬಾಗಲಾ ಹುಡಕಬ್ಯಾಡ. ಆಣಿಗೆ ಹಿಂದಿನ ಬಾಗಲಾ ಇರಂಗಿಲ್ಲ. ಒಂದ, ಹಾಕಿದಾಕಿ ಬಿಡಬೇಕು. ಇಲ್ಲಾ, ಆಕೀ ಕಣ್ಣ ಮುಂದ ನಿಂತು, ಮುರೀತೀನಿ ಅಂತ ಹೇಳಿ ಮುರೀಬೇಕು. ಉಪಾಯ ಮಾಡಿದಿ ಅಂದ್ರ ಆ ಮೇಸ್ತ್ರಿಗೂ ನಿನಗೂ ಏನು ಫರಕು? ಅವನೂ ಉಪಾಯನ ಮಾಡಾಕ ಹತ್ಯಾನ."

ಅಂದೇ ನೋಯುವ ಮಂಡಿ ಹಿಡಿದುಕೊಂಡು ಮೂರು ಮಹಡಿ ಹತ್ತಿದರು. ಲಿಫ್ಟ್ ಕೆಟ್ಟು ವಾರವಾಗಿತ್ತು. ಅಮ್ಮ ಬಾಗಿಲಲ್ಲೇ ಅರ್ಥ ಮಾಡಿಕೊಂಡಳು.

"ಕೂತ್ಕೊಳ್ಳಿ. ಆದರೆ ಆ ವಿಷಯ ಬೇಡ."

"ಆ ವಿಷಯಕ್ಕನ ಬಂದೀನ್ರಿ. ಸುಟ್ಲೀ ಅಂದುಬಿಡ್ರಿ."

"ಅದು ಮಕ್ಕಳ ಆಟದ ಮಾತು."

"ಮಕ್ಕಳ ಮ್ಯಾಲೆ ಹಾಕೀರಲ್ಲ, ಅದಕ್ಕ."

ಅಮ್ಮನಿಗೆ ಸಿಟ್ಟು ಬಂತು. "ನೀವು ಕೋರ್ಟಿನಲ್ಲಿ ಇದ್ದವರು. ದಿನಾ ಹತ್ತು ಜನ ದೇವರ ಹೆಸರು ಹೇಳಿ ಸುಳ್ಳು ಹೇಳುದು ಕೇಳಿ ನಿಮಗೆ ಅಭ್ಯಾಸ ಆಗಿದೆ. ಆಣೆ ಅಂದರೆ ನಿಮಗೆ ಟಿಕೇಟು ತೋರಿಸಿದ ಹಾಗೆ. ನಿಮಗೆ ಮಗಳಿದ್ದಿದ್ದರೆ ಗೊತ್ತಾಗ್ತಿತ್ತು ಮಾರಾಯ್ರೇ."

ನಾನು ಕಣ್ಣು ಮುಚ್ಚಿದೆ. ಆ ಮಾತು ಬೇಡವಾಗಿತ್ತು. ಮಾವ್ಶಿ ಮಾತ್ರ ನೀರು ಕುಡಿದು ಲೋಟ ಕೆಳಗಿಟ್ಟರು. "ಇರಲಿಲ್ಲ, ಖರೆ. ಇದ್ದಿದ್ದರ ನಾನೂ ಹಾಕತಿದ್ನೇನೋ. ಆದ್ರ ಆ ಹುಡುಗನ ತಾಯಿನೂ ಒಬ್ಬಾಕಿ ಅದಾಳ್ರಿ ವಿಠ್ಠಲವಾಡ್ಯಾಗ. ಆಕೀ ಯಾರ ಮ್ಯಾಲೆ ಆಣಿ ಹಾಕಬೇಕು?"

ಅಮ್ಮ ಸುಟ್ಲೀ ಎನ್ನಲಿಲ್ಲ. ಮಾವ್ಶಿ ಒತ್ತಾಯಿಸಲಿಲ್ಲ. ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದುಕೊಂಡು, "ಘಟ್ಟಿ ಹೆಣ್ಮಗಳು ನಿಮ್ಮವ್ವ, ನೀನೂ ಹಂಗ ಆಗಬೇಕು" ಎಂದರು.

ಅವರೂ ಒಂದು ತಪ್ಪು ಹೊತ್ತುಕೊಂಡಿದ್ದರು. ಅದನ್ನು ಒಮ್ಮೆಯೇ ಹೇಳಿದ್ದು, ಆ ಕೋರ್ಟು ಯಾವ ಊರಿನದೆಂದು ಹೇಳದೆ. ಹಲವು ವರ್ಷಗಳ ಹಿಂದೆ ಒಬ್ಬ ಹೋಟೆಲ್ ಕೆಲಸದವನು ಸಾಕ್ಷಿ ಕಟ್ಟೆ ಹತ್ತಿದ. ಕರಾವಳಿಯವನು. ಜೊತೆಯ ಕೆಲಸಗಾರನನ್ನು ಹೊಡೆದದ್ದನ್ನು ನೋಡಿದ್ದ. ದೇವರ ಮೇಲೆ ಪ್ರಮಾಣ ಮಾಡು ಎಂದಾಗ ಕೈ ಮುಗಿದು, "ಆಣೆ ಮಾತ್ರ ಬೇಡ, ನಾನು ಆಣೆ ಹಾಕುವವನಲ್ಲ. ಕಂಡದ್ದು ಹೇಳ್ತೇನೆ" ಎಂದ. ಊಟದ ಬಿಡುವಿಗೆ ಐದು ನಿಮಿಷ ಇತ್ತು. ಮಾವ್ಶಿ ಮರಾಠಿಯಲ್ಲಿ ಹೇಳಿದ್ದು ಇಷ್ಟು: ಸಾಕ್ಷಿ ಶಪಥ ತೆಗೆದುಕೊಳ್ಳಲು ನಿರಾಕರಿಸುತ್ತಾನೆ.

"ಅವ ಅಂದದ್ದನ್ನ ಅಂದೆ. ತಪ್ಪು ಅಂತ ಯಾರೂ ಅನ್ನಲಿಲ್ಲ. ಆದ್ರ ಸುಳ್ಳ ಹೇಳೂ ಆಸೆ ಇದ್ದವ ಆಣಿಗೆ ಅಂಜತಾನೇನು? ಅಂಜಿದ್ದಕ್ಕನ ಅವ ಖರೆ ಹೇಳಾಂವ ಇದ್ದ. ದೇವರ ಹೆಸರು ಬಿಟ್ಟು ಪ್ರತಿಜ್ಞಾ ಮಾಡಾಕ ಕಾಯದೆದಾಗ ಐತಿ. ನನಗ ಗೊತ್ತಿತ್ತು. 'ಸಾಹೇಬ್ರ, ಇವರ ಕಡೆ ಪದ್ಧತಿ ಹಿಂಗ ಐತಿ, ಪ್ರತಿಜ್ಞಾ ಮಾಡಸ್ರಿ' ಅನಬೇಕಿತ್ತು. ಹಸಿವಾಗಿತ್ತು, ಸುಮ್ಮನ ನಿಂತೆ." ಅವನನ್ನು ಕಟ್ಟೆಯಿಂದ ಇಳಿಸಿದರು. ಹೊಡೆದವನು ಬಿಡುಗಡೆಯಾದ. ಹೋಗುವಾಗ ಆ ಕೆಲಸದವನು ಮಾವ್ಶಿಗೆ ನಮಸ್ಕಾರ ಹೇಳಿ ಹೋದನಂತೆ, ಸಹಾಯ ಮಾಡಿದರು ಎಂದುಕೊಂಡು. ಆ ನಮಸ್ಕಾರದ ಹತ್ತಿರ ಬಂದಾಗ ಮಾವ್ಶಿ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ನಾನು ಅವರನ್ನು ಹಾಗೆ ನೋಡಿದ್ದು ಅದೊಂದೇ ಸಲ.

ಸಮನ್ಸ್ ಬಂದ ಮೇಲೆ ವಾರಕ್ಕೆರಡು ಸಂಜೆ ಅವರ ಮನೆಯಲ್ಲಿ ನನಗೆ ತಾಲೀಮು. ಏನು ಹೇಳಬೇಕೆಂದು ಒಂದು ಮಾತೂ ಕಲಿಸಲಿಲ್ಲ. "ಅದು ನಿನ್ನ ಕಣ್ಣಿಂದು." ಕಲಿಸಿದ್ದು ನಿಲ್ಲುವುದನ್ನು. ನಾನು ಮಾತಿನ ಮಧ್ಯೆ "ನಿಜವಾಗಿ", "ದೇವರಾಣೆಗೂ", "ಪ್ರಾಮಿಸ್" ಎಂದಾಗಲೆಲ್ಲ ಚಮಚದಿಂದ ಡಬ್ಬಿಗೆ ಟಣ್ ಎಂದು ಹೊಡೆಯುತ್ತಿದ್ದರು. "ತಗಿ ಅದನ್ನ. ಖರೇದಕ್ಕ ಬಡಿಗಿ ಕೊಟ್ಟು ನಿಲ್ಲಸಬ್ಯಾಡ, ಕುಂಟು ಐತಿ ಅಂತ ತಿಳೀತಾರ." ಒಂದು ಸಂಜೆ ನಾನು ಮೊದಲಿನಿಂದ ಕೊನೆಯವರೆಗೆ, ಏಳು ಐವತ್ತೆರಡರಿಂದ ನೀಲಿ ಅಂಗಿಯವರೆಗೆ, ಒಂದೇ ಒಂದು ಟಣ್ ಇಲ್ಲದೆ ಹೇಳಿದೆ. ಮಾವ್ಶಿ ಚಮಚ ಒಳಗಿಟ್ಟು, "ಇನ್ನ ಚಹಾ ಮಾಡು" ಎಂದರು.

ನನ್ನ ತಾರೀಖಿಗೆ ಒಂಬತ್ತು ದಿನ ಇದ್ದಾಗ ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದರೂ ಅವರು ತೆರೆಯಲಿಲ್ಲ. ಹೃದಯ ನಿಂತಿತ್ತು. ಜಮಖಂಡಿಯಿಂದ ತಮ್ಮನ ಮಗ ಬಂದು ಎಲ್ಲ ಮುಗಿಸಿದ. ಅಮ್ಮ ಮೂರು ದಿನ ಆ ಹುಡುಗನಿಗೆ ಊಟ ಕಳಿಸಿದಳು. ಕೆಳಗೆ ಹೋಗಿ ಮಾವ್ಶಿಯ ಖಾಲಿ ಕುರ್ಚಿಯ ಎದುರು ಸ್ವಲ್ಪ ಹೊತ್ತು ಕೂತು ಬಂದಳು. ಚೇರ್ಮನ್ನರು ನೋಟಿಸ್ ಬೋರ್ಡಿನಲ್ಲಿ ಎರಡು ಸಾಲು ಶ್ರದ್ಧಾಂಜಲಿ ಹಾಕಿಸಿದರು. ಅದರ ಕೆಳಗೆ ಪೇಂಟಿಂಗಿನ ಎರಡನೆಯ ಹಂತದ ಸೂಚನೆಯಿತ್ತು, ಅದೇ ಗುತ್ತಿಗೆದಾರ.

ತಾರೀಖಿನ ಬೆಳಿಗ್ಗೆ ಅಮ್ಮ ಒಗ್ಗರಣೆ ಹಾಕುತ್ತಿದ್ದಳು. ಅದೇ ಕಿಟಕಿ, ಹೊಸ ಜಾಳಿ. ನಾನು ಚಪ್ಪಲಿ ಹಾಕಿಕೊಳ್ಳುವ ಮೊದಲು ಅವಳ ಎದುರು ಬಂದು ನಿಂತೆ.

"ಅಮ್ಮ, ನಾನು ಕೋರ್ಟಿಗೆ ಹೋಗ್ತಿದ್ದೇನೆ. ನಿನ್ನ ಆಣೆ ಮುರಿದು ಹೋಗ್ತಿದ್ದೇನೆ. ಲ್ಯಾಬಿಗೆ ಅಂತ ಸುಳ್ಳು ಹೇಳುದಿಲ್ಲ."

ಅವಳು ತಿರುಗಲಿಲ್ಲ. ಸಾಸಿವೆ ಸಿಡಿದು ಮುಗಿಯಿತು. ಅಪ್ಪ ಪೇಪರಿನ ಹಿಂದಿನಿಂದ, "ಛತ್ರಿ ತಗೊಂಡು ಹೋಗು" ಎಂದರು.

ಕಲ್ಯಾಣದ ಕೋರ್ಟಿನ ವರಾಂಡದಲ್ಲಿ ಬೈಕಿನವರಿಬ್ಬರೂ ಇದ್ದರು. ಹೆಸರು ಕೂಗಿದಾಗ ಕಾಲು ನಡೆಯಿತು, ಅದು ನನ್ನದೇ ಎಂದು ಆಶ್ಚರ್ಯವಾಯಿತು. ಪ್ರಮಾಣ ಓದಿಸುವವರು ಮರಾಠಿಯಲ್ಲಿ "ಈಶ್ವರಸಾಕ್ಷ..." ಎಂದು ಶುರು ಮಾಡಿದರು. ನಾನು ತಡೆದೆ. "ಪ್ರತಿಜ್ಞಾ ಕರ್ತೇ" ಎಂದೆ. ಅಮ್ಮನ ಆಣೆಯಿಂದ ನುಣುಚಿಕೊಳ್ಳಲು ಅಲ್ಲ, ಅದನ್ನು ಬೆಳಿಗ್ಗೆಯೇ ಮುರಿದಿದ್ದೆ. ನಮಸ್ಕಾರ ಹೇಳಿ ಇಳಿದುಹೋದ ಆ ಕೆಲಸದವನಿಗೆ ಸಿಗದೆಹೋದದ್ದನ್ನು ಯಾರಾದರೂ ಒಬ್ಬರು ಬಾಯಿಬಿಟ್ಟು ಕೇಳಬೇಕಿತ್ತು. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿ ಸರಿ ಎಂದರು. ಎಷ್ಟು ಸುಲಭ. ಕೇಳಲು ಐದು ನಿಮಿಷವೂ ಬೇಕಾಗಲಿಲ್ಲ.

ಗುತ್ತಿಗೆದಾರರ ವಕೀಲರು ಅದನ್ನೇ ಹಿಡಿದರು. "ದೇವರ ಹೆಸರು ಹೇಳಲು ಹೆದರಿಕೆಯೇ?"

"ಹೆದರಿಕೆ ಇದೆ. ಆದರೂ ಬಂದಿದ್ದೇನೆ."

"ಮೂರನೆಯ ಮಹಡಿಯಿಂದ ಮೇಸ್ತ್ರಿಯ ಕಣ್ಣು ಕಂಡಿತೆ?"

"ಕಣ್ಣಿನ ಬಣ್ಣ ಕಾಣಲಿಲ್ಲ. ಮುಖ ಮೇಲಾಗಿದ್ದು ಕಂಡಿತು. ಮೊದಲು ಬಣ್ಣದವನ ಕಡೆ, ಆಮೇಲೆ ನನ್ನ ಕಡೆ. ಆಮೇಲೆ ಖೋಲ್ ಅಂದರು."

"ಇದು ಸತ್ಯ ಎಂದು ನಿಮ್ಮ ತಾಯಿಯ ಮೇಲೆ ಆಣೆ ಹಾಕಿ ಹೇಳುತ್ತೀರಾ?"

ಎಲ್ಲಿಯೋ ಒಂದು ಚಮಚ ಟಣ್ ಎಂದಿತು. "ಹಾಕುವುದಿಲ್ಲ," ಎಂದೆ. "ನಮ್ಮ ತಾಯಿ ಅಲ್ಲಿರಲಿಲ್ಲ. ನೋಡಿದವಳು ನಾನು."

ನಲವತ್ತು ನಿಮಿಷ ಕೇಳಿದರು. ಹೊರಗೆ ಬಂದಾಗ ಬಣ್ಣದವನು ಬೆಂಚಿನ ಮೇಲೆ ಎರಡು ಊರುಗೋಲು ಪಕ್ಕಕ್ಕಿಟ್ಟು ಕೂತಿದ್ದ. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದ, ಆಗಲಿಲ್ಲ. ಕೊನೆಗೆ ಅವನು, "ದೀದಿ, ಪಾನಿ" ಎಂದ. ಬಾಟಲಿ ಕೊಟ್ಟೆ. ಬೈಕಿನವರು ನೋಡುತ್ತಿದ್ದರು. ನೋಡಲಿ ಎಂದು ಅವನು ಪೂರ್ತಿ ಕುಡಿಯುವವರೆಗೆ ಅಲ್ಲೇ ನಿಂತೆ.

ಕೇಸು ಇನ್ನೂ ನಡೆಯುತ್ತಿದೆ. ಅಪ್ಪನಿಗೆ ಮಾಜಿವಾಡಾದ ಕೆಲಸ ಹೋಯಿತು. ಈಗ ಕಲ್ಯಾಣದಲ್ಲಿ ಒಂದು ಚಿಕ್ಕ ಹೋಟೆಲಿನ ಉಗ್ರಾಣ ನೋಡಿಕೊಳ್ಳುತ್ತಾರೆ, ಮೊದಲಿಗಿಂತ ಹೆಚ್ಚು ಮಾತಾಡುತ್ತಾರೆ. ಪೇಂಟಿಂಗಿನ ಎರಡನೆಯ ಹಂತಕ್ಕೆ ನಮ್ಮ ಕಡೆಯಿಂದ ಸಹಿ ಹಾಕುವುದಿಲ್ಲವೆಂದು ಅಮ್ಮನೇ ಸೊಸೈಟಿಗೆ ಬರೆದುಕೊಟ್ಟಳು, ಮರಾಠಿಯಲ್ಲಿ, ತನ್ನ ಕೈಯಾರೆ. ಆದರೆ ಅದು ಆಮೇಲಿನ ಮಾತು.

ಆ ದಿನ ಸಂಜೆ ಮನೆಯ ಗಂಟೆ ಒತ್ತಲು ಕೈ ಮೇಲೇಳಲಿಲ್ಲ. ಬಾಗಿಲ ಹೊರಗೆ ನಿಂತು ಕಿವಿಗೊಟ್ಟೆ. ಒಳಗೆ ಸದ್ದಿಲ್ಲ. ಸೂಕ್ಷ್ಮದರ್ಶಕ, ಪದವಿ ಎಲ್ಲ ಎಲ್ಲಿ ಹೋದವೋ ಗೊತ್ತಿಲ್ಲ. ಕೊನೆಗೆ ಒತ್ತಿದೆ. ಹೆಜ್ಜೆ ಕೇಳಿಸಿತು. ಚಿಲಕ ತೆರೆಯಿತು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ನಾನು ಅವಳನ್ನು ನೋಡುತ್ತಿದ್ದ ಹಾಗೆಯೇ.

"ಎಂತ ನೋಡ್ತಿ? ಸತ್ತಿಲ್ಲ ನಾನು," ಎಂದಳು. "ಕೈಕಾಲು ತೊಳ್ಕೊಂಡು ಬಾ. ನೀರುದೋಸೆ ತಣ್ಣಗಾಗ್ತದೆ."

ಅದು ಬುಧವಾರ. ಗುರುವಾರ ನಾನು ಕಣ್ಣು ಬಿಟ್ಟಾಗ ಕೋಣೆಯ ತುಂಬ ಬಿಸಿಲಿತ್ತು. ಗೋಡೆಯ ಗಡಿಯಾರ ಎಂಟು ಇಪ್ಪತ್ತು ತೋರಿಸುತ್ತಿತ್ತು. ಏಳು ಐವತ್ತೆರಡು ನಾನು ಕನಸಿಲ್ಲದೆ ಮಲಗಿದ್ದಾಗಲೇ ಬಂದು ಹೋಗಿತ್ತು. ಅಮ್ಮ ಎಬ್ಬಿಸಿರಲಿಲ್ಲ. ಅಡುಗೆಮನೆಯಲ್ಲಿ ಅವಳು ಪಾತ್ರೆಗಳನ್ನು ಒಂದೊಂದಾಗಿ, ಸದ್ದಾಗದ ಹಾಗೆ ಇಡುತ್ತಿದ್ದಳು.